ಹಿಮ್ಮಡಿಯ ದೀಪ

“ನಾನೇ ಸ್ವಾಮಿ,” ಎಂದು ಮಂಜ ನಾಲ್ಕನೆಯ ಸಲ ಹೇಳಿದ. “ಎಷ್ಟು ಸಲ ಹೇಳುವುದು? ನೀವು ಬರೆದುಕೊಂಡಾಯಿತಲ್ಲ. ಇನ್ನೆಂತ ಉಂಟು?”

ಇನ್ನೆಂತ ಉಂಟು ಎಂದು ನನಗೂ ಗೊತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೇ ಮಾರ್ಚ್ ತಿಂಗಳ ಬಿಸಿಲು ಹೊರಗಿನ ಕೆಂಪು ಮುರಕಲ್ಲಿನ ಬೋಳು ಬಯಲನ್ನು ಕಾಯಿಸುತ್ತಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ನನ್ನ ಎರಡೂ ಮೊಣಕಾಲು ರಾತ್ರಿಯಿಡೀ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಐವತ್ತಮೂರು ವರ್ಷದ ಎ.ಎಸ್.ಐ. ಈಶ್ವರಪ್ರಸಾದ, ಅಂದರೆ ನಾನು, ಈ ಊರಿನ ಔಟ್‌ಪೋಸ್ಟಿಗೆ ವರ್ಗವಾಗಿ ಬಂದದ್ದು ಕೇರಳ ಪೊಲೀಸಿನಲ್ಲಿದ್ದೂ ಕನ್ನಡ ಗೊತ್ತುಂಟು ಎಂಬ ಒಂದೇ ಅಪರಾಧಕ್ಕೆ.

ಮಂಜ ಫೈಲುಗಳ ಕೋಣೆಯಲ್ಲಿ ಕೂತಿದ್ದ. ಇಲ್ಲಿ ಬೇರೆ ಲಾಕಪ್ಪು ಇಲ್ಲ. ಆ ಕೋಣೆಯ ಬಾಗಿಲಿಗೆ ಸರಳುಂಟು ಎಂದು ಅದನ್ನೇ ಲಾಕಪ್ಪು ಎನ್ನುತ್ತೇವೆ. ಎಡಗೈಯಲ್ಲಿ ಗ್ಲಾಸು ಹಿಡಿದು ಚಹಾ ಕುಡಿಯುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎರಡು ವರ್ಷದ ಹಿಂದೆ ವರ್ಕಾಡಿಯಲ್ಲಿ ಸುರಂಗದ ಮೇಲ್ಮಣ್ಣು ಕುಸಿದು ಭುಜ ಮುರಿದಂದಿನಿಂದ ಆ ಕೈ ಎದೆಯಿಂದ ಮೇಲೆ ಏಳುವುದಿಲ್ಲ.

ಧನರಾಜ್ ತನ್ನದೇ ಗುಡ್ಡದಲ್ಲಿ ನೀರಿಗೆಂದು ತೋಡಿಸಿದ ಸುರಂಗದೊಳಗೆ ಸತ್ತದ್ದು ಮಂಗಳವಾರ. ಸುರಂಗ ತೋಡಿದ ಮಂಜನನ್ನು ನಾವು ಹಿಡಿದದ್ದು ನಿನ್ನೆ, ಗುರುವಾರ, ಸಂಜೆ ಐದಕ್ಕೆ. ಇವತ್ತು ಐದರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು. ಕೊಲೆ ಕೇಸೆಂದು ನಿಲ್ಲಿಸಿದರೆ ಅಲ್ಲಿಂದ ಸೀದಾ ಸಬ್‌ಜೈಲು. ಮೂವತ್ತೈದು ವರ್ಷ ಮಣ್ಣಿನ ಧೂಳು ಕುಡಿದ ಶ್ವಾಸಕೋಶ ಅವನದು. ರಾತ್ರಿ ಅವನು ಕೆಮ್ಮುವುದನ್ನು ಕೇಳಿದ್ದೇನೆ. ಜೈಲಿಗೆ ಹೋದರೆ ಈ ಮನುಷ್ಯ ವಿಚಾರಣೆಯವರೆಗೆ ಉಳಿಯುವುದಿಲ್ಲ ಎಂದು ಹೇಳಲು ಡಾಕ್ಟರೇ ಬೇಕೆಂದಿಲ್ಲ.

ಮೇಜಿನ ಮೇಲಿನ ಫೋನು ಬಡಕೊಂಡಿತು. ಸರ್ಕಲ್ ಇನ್‌ಸ್ಪೆಕ್ಟರರು. ಮೂರೂವರೆಗೆ ಜೀಪು ಕಳಿಸುತ್ತೇನೆ, ಕಾಗದ ರೆಡಿ ಇರಲಿ ಎಂದರು. ಅವರ ಲೆಕ್ಕ ಬಲು ಸರಳ. ಧನರಾಜ್ ಉಸಿರುಕಟ್ಟಿ ಸತ್ತಿದ್ದಾನೆ, ಮೈಮೇಲೆ ಗಾಯವಿಲ್ಲ. ಸುರಂಗದಲ್ಲಿ ಗಾಳಿ ಕೆಟ್ಟಿತ್ತು ಎನ್ನೋಣವೇ? ಅವನ ಪಕ್ಕದ ಗೋಡೆಗೂಡಿನಲ್ಲಿದ್ದ ಮೇಣದಬತ್ತಿ ಬುಡದವರೆಗೆ ಉರಿದು ಮುಗಿದಿದೆ. ಗಾಳಿ ಕೆಟ್ಟಿದ್ದರೆ ದೀಪ ಅರ್ಧದಲ್ಲೇ ಆರಬೇಕಿತ್ತು. ಗಾಳಿ ಸರಿ ಇದ್ದೂ ಉಸಿರುಕಟ್ಟಿದೆ ಎಂದರೆ ಯಾರೋ ಬಾಯಿ ಮೂಗು ಒತ್ತಿ ಹಿಡಿದಿದ್ದಾರೆ. ಸುರಂಗದ ಬಾಯಲ್ಲಿ ಕೊನೆಗೆ ಕಂಡವನು ಮಂಜ. ಹಿಂದಿನ ದಿನ ಜಗಳವೂ ಆಗಿದೆ. ಮೇಲಿಂದ ಅವನೇ ಒಪ್ಪಿಕೊಂಡಿದ್ದಾನೆ.

“ಪೊಲೀಸರ ಎದುರು ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಸಾರ್,” ಎಂದೆ.

ರಿಮಾಂಡಿಗೆ ಅಷ್ಟು ಸಾಕು ಎಂದು ಅವರು ಫೋನಿಟ್ಟರು. ಅವರು ಹೇಳಿದ್ದು ಸರಿಯೇ ಆಗಿತ್ತು.

ನಾನು ಕುರ್ಚಿಯನ್ನು ಎಳೆದುಕೊಂಡು ಹೋಗಿ ಸರಳುಗಳ ಎದುರು ಕೂತೆ.

“ಮಂಜ, ಕೊಂದದ್ದು ಹೇಗೆ ಅಂತ ಹೇಳು.”

“ಹೇಗೆ ಅಂದರೆ?”

“ಬಾಯಿ ಒತ್ತಿದೆಯಾ? ಕುತ್ತಿಗೆ ಹಿಚುಕಿದೆಯಾ? ಒಂದು ಕೈಯಲ್ಲಿ?”

ಅವನು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. “ಎಂತ ಮಾತಾಡ್ತೀರಿ ಸ್ವಾಮಿ. ಅವರ ಮೈ ಯಾಕೆ ಮುಟ್ಟಲಿ? ಸುರಂಗದ ಬಾಯಿ ತೆಗೆದದ್ದು ನಾನು. ತೆಂಗಿನಕಾಯಿ ಒಡೆದದ್ದು ನಾನು. ನೀರು ಬರುವವರೆಗೆ ಒಳಗೆ ಹೋದ ಪ್ರತಿಯೊಂದು ಜೀವವೂ ಬಾಯಿ ತೆಗೆದವನ ತಲೆಗೆ. ನನ್ನ ಅಪ್ಪ ಹಾಗೆ ಹೇಳಿದ್ದು, ಅವನ ಅಪ್ಪನೂ. ಒಳಗೆ ಹೋದವ ಸತ್ತರೆ ಕೊಂದದ್ದು ನಾನಲ್ಲದೆ ಮತ್ತೆ ಯಾರು?”

ನಾನು ಹಣೆ ಒತ್ತಿಕೊಂಡೆ. ನಿನ್ನೆ ಕಾನ್‌ಸ್ಟೆಬಲ್ ಜಯಂತ್ ಕೇಳಿದ್ದಾನೆ, ಇವನು ಇದನ್ನೇ ಹೇಳಿದ್ದಾನೆ, ಜಯಂತ್ ‘ಕೊಂದದ್ದು ನಾನು’ ಎಂಬಷ್ಟನ್ನು ಮಾತ್ರ ಮಲಯಾಳದಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿದ್ದಾನೆ. ಜಯಂತ್‌ನ ತಪ್ಪೆಂದು ಬೈಯಲೂ ಆಗುವುದಿಲ್ಲ. ಸುರಂಗದವರ ಮಾತು ಅವನಿಗೇನು ಗೊತ್ತು, ಅವನ ಮನೆಯಲ್ಲಿ ಬೋರ್‌ವೆಲ್.

ನಮ್ಮ ಕಡೆಯ ಸುರಂಗವೆಂದರೆ ಅಡ್ಡ ತೋಡಿದ ಬಾವಿ. ಗುಡ್ಡದ ಹೊಟ್ಟೆಗೆ ನೆಟ್ಟಗೆ ಕೊರೆಯುತ್ತಾ ಹೋಗುವುದು, ಒಸರು ಸಿಕ್ಕಿದಲ್ಲಿ ನಿಲ್ಲಿಸಿ ನೀರನ್ನು ಹೊರಗೆ ಹರಿಸುವುದು. ಮಂಜನ ಸುರಂಗಗಳು ಎದೆಯೆತ್ತರದವು. ಕೈ ಏಳದವನು ಹೇಗೆ ಅಗೆಯುತ್ತೀ ಎಂದು ಮೊದಲ ದಿನವೇ ಕೇಳಿದ್ದೆ. ಎದೆಗಿಂತ ಮೇಲೆ ಅಗೆಯಲಿಕ್ಕೆ ಅಲ್ಲಿ ಎಂತ ಉಂಟು ಎಂದಿದ್ದ. ಮಗಳು ಪ್ರೇಮಾವತಿ ಬಾಯಿಯ ಹತ್ತಿರ ನಿಂತು ಮಣ್ಣು ಹೊತ್ತು ಹಾಕುತ್ತಾಳೆ, ಉಳಿದ ಹೊತ್ತು ಬೀಡಿ ಕಟ್ಟುತ್ತಾಳೆ. ಹೆಂಗಸರು ಒಳಗೆ ಕಾಲಿಟ್ಟರೆ ಒಸರು ಹಿಂದೆ ಸರಿಯುತ್ತದೆಂದು ಈ ಊರಿನ ನಂಬಿಕೆ. ಹೆಂಗಸನ್ನು ಒಳಗೆ ಬಿಟ್ಟವನಿಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ.

“ಜಗಳ ಯಾವುದಕ್ಕೆ?” ಎಂದೆ.

“ಸುರಂಗ ಹೋಗಿ ಹಳೇ ಚಿನ್ನದ ಕಂಪೆನಿಯ ಗುಹೆಗೆ ತೂತು ಬಿತ್ತಲ್ಲ, ಅದಕ್ಕೆ. ನಾನು ನೀರಿಗೆ ಅಂತ ತೋಡಿದ್ದು. ಧನರಾಜಣ್ಣನಿಗೆ ಬೇಕಾದ್ದು ಗುಹೆ. ಅದರ ಒಳಗೆ ನೂರು ವರ್ಷದ ಹಳೇ ಗಾಳಿ ಉಂಟು, ನಾಲ್ಕು ದಿನ ಬಿಟ್ಟು ಹೋಗಿ ಧನರಾಜಣ್ಣ ಅಂತ ಹೇಳಿದೆ. ಹೋಗೋ, ನಿನ್ನ ಕೆಲಸ ಆಯಿತು ಅಂದರು.”

“ದೀಪ ಇಟ್ಟುಕೊಂಡೇ ಹೋಗಿದ್ದರಲ್ಲ. ದೀಪ ಕೊನೆಯವರೆಗೆ ಉರಿದಿದೆ.”

“ಅದೇ ನನಗೆ ಅರ್ಥವಾಗದ್ದು,” ಎಂದ ಮಂಜ. “ಹಿಮ್ಮಡಿಯ ಹತ್ತಿರದ ದೀಪ ಆರದೆ ಮನುಷ್ಯ ಸಾಯುವುದು ಹೇಗೆ?”

“ಯಾವ ಹಿಮ್ಮಡಿ?”

“ದೀಪ ಇಡುವುದು ಹಿಮ್ಮಡಿಯ ಹತ್ತಿರ ಅಲ್ಲವಾ. ಕೆಟ್ಟ ಗಾಳಿ ನೀರಿನ ಹಾಗೆ, ಕೆಳಗಿನಿಂದ ತುಂಬಿಕೊಂಡು ಬರುವುದು. ಕಾಲಿನ ಹತ್ತಿರದ ದೀಪ ಸಣ್ಣಗಾದರೆ ತಲೆ ಎತ್ತಿ ಓಡಲಿಕ್ಕೆ ಸಮಯ ಸಿಗ್ತದೆ. ಇದು ಮಕ್ಕಳಿಗೂ ಗೊತ್ತುಂಟು ಸ್ವಾಮಿ.”

ನನಗೆ ಗೊತ್ತಿರಲಿಲ್ಲ. ನನ್ನ ಸರ್ಕಲ್ ಇನ್‌ಸ್ಪೆಕ್ಟರರಿಗೂ ಗೊತ್ತಿರಲಿಲ್ಲ.

ಎದ್ದು ಹೋಗಿ ಫೋಟೋಗಳ ಲಕೋಟೆ ಬಿಚ್ಚಿದೆ. ಗುಹೆಯ ಗೋಡೆಗೆ ಒರಗಿ ಕೂತ ಧನರಾಜ್, ತೊಡೆಯ ಮೇಲೆ ಮಣ್ಣು ಜಾಲಿಸುವ ಮರದ ಮರಿಗೆ, ಗಲ್ಲ ಎದೆಗೆ ತಾಗಿದೆ. ಗೂಡು ಅವನ ತಲೆಗಿಂತ ಎಷ್ಟೋ ಮೇಲಿತ್ತು. ಕರಗಿದ ಮೇಣ ಗೋಡೆಯಲ್ಲಿ ಮೂರಡಿ ಕೆಳಗಿಳಿದು ಹೆಪ್ಪುಗಟ್ಟಿತ್ತು. ಮೂರು ದಿನದಿಂದ ಈ ಫೋಟೋ ನೋಡುತ್ತಿದ್ದೇನೆ. ಕಣ್ಣಿದ್ದು ಏನು ಪ್ರಯೋಜನ.

ಲಕೋಟೆ ಮುಚ್ಚಿ ಮಂಜನ ಕಡೆ ತಿರುಗಿದೆ. “ದೀಪ ತಲೆಯೆತ್ತರಕ್ಕೆ ಇಡುವವರು ಯಾರಾದರೂ ಉಂಟಾ ಈ ಊರಿನಲ್ಲಿ?”

ಅವನು ಗ್ಲಾಸಿನ ತಳದಲ್ಲಿ ಉಳಿದ ಚಹಾವನ್ನು ಅಲ್ಲಾಡಿಸಿದ. “ಕಂಪೆನಿಯವರು ಮೊಳೆ ಹೊಡೆದು ತಲೆಯ ಹತ್ತಿರ ನೇತುಹಾಕುತ್ತಿದ್ದರಂತೆ,” ಎಂದ ಕೊನೆಗೆ. “ಅವರಿಗೆ ಗಾಳಿ ಊದುವ ಯಂತ್ರ ಇತ್ತು.” ಆಮೇಲೆ ಗ್ಲಾಸನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ತಿರುಗಿ ಕೂತ.

ಪೊನ್ನಗುಳಿ ಎಂಬ ಈ ಊರು ಜಿಲ್ಲೆಯ ಬಡಗು ತುದಿ. ಒಂದು ಮೈಲಿ ನಡೆದರೆ ಕರ್ನಾಟಕ. ನೂರು ವರ್ಷದ ಹಿಂದೆ ಬಿಳಿಯರ ಕಂಪೆನಿಯೊಂದು ಚಿನ್ನ ಉಂಟೆಂದು ಇಲ್ಲಿಗೆ ಬಂತು, ಕೂಲಿಯವರಿಗೆ ನಾಲ್ಕು ಸಾಲು ಮನೆ ಕಟ್ಟಿಸಿತು, ಹನ್ನೊಂದು ವರ್ಷ ಬೆಟ್ಟ ಅಗೆದು ಇಲಿ ಹಿಡಿದು ಹಡಗು ಹತ್ತಿತು. ಸಾಲು ಮನೆಗಳು ಉಳಿದು ಪೇಟೆಯಾದವು. ದಿನಕ್ಕೆ ಎರಡು ಬಸ್ಸು. ಇಷ್ಟಾದರೂ ಇಲ್ಲಿಯವರು ಮೊದಲ ಮಳೆಗೆ ಹರಿಯುವ ತೋಡಿನ ಮರಳನ್ನು ಮರಿಗೆಯಲ್ಲಿ ಹಾಕಿ ಅಲ್ಲಾಡಿಸಿ ನೋಡುವುದನ್ನು ಬಿಟ್ಟಿಲ್ಲ. ಆಸೆಗೆ ವಯಸ್ಸಾಗುವುದಿಲ್ಲ ಎಂದು ಕಾಣುತ್ತದೆ.

ಕಂಪೆನಿಯ ಮೇಸ್ತ್ರಿಯ ಮೊಮ್ಮಗ ಈ ಪೇಟೆಯಲ್ಲೇ ಇದ್ದಾನೆ. ಸುಕುಮಾರ, ಹಾರ್ಡ್‌ವೇರ್ ಅಂಗಡಿ. ಧನರಾಜ್‌ನ ಹೆಗಲ ಮೇಲೆ ಕೈ ಹಾಕಿಕೊಂಡೇ ತಿರುಗುತ್ತಿದ್ದವನು. ಸಾವಿನ ದಿನ ಎಲ್ಲಿದ್ದಿರಿ ಎಂದರೆ ಅಂಗಡಿಯಲ್ಲಿ ಎಂದಿದ್ದ. ಸುರಂಗಕ್ಕೆ ಹೋಗಿದ್ದಿರಾ ಎಂದರೆ, ಇಕ್ಕಟ್ಟಿನ ಜಾಗ ಅಂದರೆ ತನಗೆ ಚಿಕ್ಕಂದಿನಿಂದಲೂ ಹೆದರಿಕೆ, ಅದರ ಬಾಯಿಯನ್ನೂ ದಾಟಿದವನಲ್ಲ ಎಂದಿದ್ದ.

ಜಯಂತ್‌ನ ಬೈಕಿನ ಹಿಂದೆ ಕೂತು, ಕಾವಲಿಗೆ ಇನ್ನೊಬ್ಬ ಪೇದೆಯನ್ನು ಬಿಟ್ಟು, ಮಧ್ಯಾಹ್ನ ಎರಡಕ್ಕೆ ಅಂಗಡಿ ತೆರೆಯುವ ಹೊತ್ತಿಗೆ ಹೋದೆ. ಸುಕುಮಾರ ಮೊಳೆ ತೂಗುತ್ತಿದ್ದ.

“ಒಂದು ಅರ್ಧ ಗಂಟೆ ಬರಬೇಕಲ್ಲ ಮಾರಾಯ್ರೆ,” ಎಂದೆ.

“ಎಲ್ಲಿಗೆ ಸಾರ್?”

“ಸುರಂಗಕ್ಕೆ. ಮಂಜ ಒಪ್ಪಿಕೊಂಡಿದ್ದಾನೆ. ಜಾಗ ತೋರಿಸುವಾಗ ಊರಿನ ಸಾಕ್ಷಿ ಒಬ್ಬ ಬೇಕು. ಇಲ್ಲಿ ಸಹಿ ಹಾಕಲು ಬರುವವರು ಬೇರೆ ಯಾರು ಸಿಗ್ತಾರೆ ನನಗೆ?”

ಮಂಜ ಒಪ್ಪಿಕೊಂಡದ್ದನ್ನು ಕೇಳಿ ಅವನ ಭುಜ ಸಡಿಲವಾದದ್ದನ್ನು ಕಂಡೆ. ಅಷ್ಟು ನಿರಾಳವಾಗದೆ ಹೋಗಿದ್ದರೆ ಅವನು ಇಕ್ಕಟ್ಟಿನ ಹೆದರಿಕೆಯನ್ನು ನೆನಪು ಮಾಡಿಕೊಳ್ಳುತ್ತಿದ್ದನೇನೋ.

ಸುರಂಗದ ಬಾಯಲ್ಲಿ ಜಯಂತ್‌ನನ್ನು ನಿಲ್ಲಿಸಿ, ಕಾಲು ಗಂಟೆಯಲ್ಲಿ ಬಾರದಿದ್ದರೆ ಕೂಗು ಎಂದೆ. ಟಾರ್ಚಿನ ಬ್ಯಾಟರಿ ಹೋಗಿದೆ ಎಂದು ಸುಕುಮಾರನಿಗೆ ಸುಳ್ಳು ಹೇಳಿ ಅವನ ಕೈಗೊಂದು ಮೇಣದಬತ್ತಿ ಹೊತ್ತಿಸಿ ಕೊಟ್ಟು ಮುಂದೆ ಬಿಟ್ಟೆ. ನನ್ನ ಜೇಬಿನಲ್ಲಿ ಇನ್ನೊಂದಿತ್ತು.

ಬಗ್ಗಿ ನಡೆಯುವುದು ಅರವತ್ತು ಮಾರು. ಪ್ರತಿ ಹೆಜ್ಜೆಗೂ ಮೊಣಕಾಲು ನನ್ನ ಹೆಸರು ಹಿಡಿದು ಬೈಯಿತು. ಎರಡೂ ಕಡೆಯ ಗೋಡೆಯಲ್ಲಿ ಪಿಕಾಸಿಯ ಗುರುತುಗಳು, ಪ್ರತಿಯೊಂದೂ ಜೋಡಿ ಗೆರೆ. ಮಂಜನ ಪಿಕಾಸಿಯ ಮೊನೆ ಸೀಳಿದೆ. ಅದು ಈಗ ಚೀಟಿ ಕಟ್ಟಿಸಿಕೊಂಡು ನಮ್ಮ ಔಟ್‌ಪೋಸ್ಟಿನ ಮೂಲೆಯಲ್ಲಿ ನಿಂತಿದೆ.

ಕೊನೆಯಲ್ಲಿ ಒಂದಾಳು ನುಸುಳುವಷ್ಟು ತೂತು. ಅದರಾಚೆ ಕಂಪೆನಿಯ ಗುಹೆ, ನೆಟ್ಟಗೆ ನಿಲ್ಲಬಹುದಾದ ಎತ್ತರ. ಸುಕುಮಾರ ನುಸುಳಿದ, ಬೆನ್ನು ಸೆಟೆಸಿ ನಿಂತ, ಎರಡು ಹೆಜ್ಜೆ ಇಟ್ಟ. ಮುಂಚಾಚಿದ ಬಂಡೆಯೊಂದರ ಹಿಂದೆ, ಬರುವವರ ಕಣ್ಣಿಗೆ ಬೀಳದ ಮಗ್ಗುಲಲ್ಲಿ, ತಲೆಯೆತ್ತರಕ್ಕೆ ಆ ಗೂಡು. ಅವನು ಅತ್ತ ನೋಡಲೇ ಇಲ್ಲ. ಎಡಗೈ ತಾನಾಗಿ ಬಂಡೆಯ ಹಿಂದೆ ಹೋಯಿತು, ಮೇಣದಬತ್ತಿಯನ್ನು ಗೂಡಿನಲ್ಲಿ ಊರಿ ಬಂತು. ತನ್ನ ಮನೆಯ ಸ್ವಿಚ್ಚು ಹಾಕುವವನ ಹಾಗೆ.

ಅವನೇ ನಿಧಾನವಾಗಿ ತನ್ನ ಕೈಯನ್ನು ನೋಡಿಕೊಂಡ.

“ಬಾಯಿಯನ್ನೂ ದಾಟದವನಿಗೆ ಗೂಡು ಎಲ್ಲುಂಟು ಅಂತ ಗೊತ್ತಾಯಿತಲ್ಲ ಸುಕುಮಾರ,” ಎಂದೆ.

“ಯಾರೋ ಹೇಳಿದ್ದು ಕೇಳಿದ್ದೆ.”

“ಆಗಲಿ. ಇನ್ನೊಂದು ತಮಾಷೆ ನೋಡಿ.”

ನನ್ನ ಮೇಣದಬತ್ತಿ ಹೊತ್ತಿಸಿ, ಉಸಿರು ಬಿಗಿಹಿಡಿದು ಬಗ್ಗಿ, ಅವನ ಹಿಮ್ಮಡಿಯ ಪಕ್ಕದಲ್ಲಿ ನಿಲ್ಲಿಸಿದೆ. ಉರಿ ಸಣ್ಣಗಾಯಿತು, ಆರಿಹೋಯಿತು. ಮತ್ತೆ ಹೊತ್ತಿಸಿ ಇಟ್ಟೆ, ಮತ್ತೆ ಆರಿತು. ಗೂಡಿನ ದೀಪ ಮಾತ್ರ ಮದುವೆ ಮನೆಯಲ್ಲಿ ಉರಿದ ಹಾಗೆ ಉರಿಯುತ್ತಿತ್ತು.

“ಧನರಾಜ್ ಇಲ್ಲಿ ಕೂತ,” ಎಂದೆ. “ಮರಿಗೆ ತೊಡೆಯ ಮೇಲೆ ಇಟ್ಟುಕೊಂಡ. ಮೇಲೆ ನೋಡಿದರೆ ದೀಪ ಚೆನ್ನಾಗಿ ಉರಿಯುತ್ತಾ ಉಂಟು. ಗಾಳಿ ಸರಿಯುಂಟು ಅಂತ ನಂಬಿ ಕೂತೇ ಇದ್ದ. ಬಾಯಿ ಒತ್ತುವವರು ಯಾರೂ ಬೇಕಾಗಿರಲಿಲ್ಲ. ಒಂದು ದೀಪ ತಪ್ಪು ಜಾಗದಲ್ಲಿ ಇದ್ದರೆ ಸಾಕಿತ್ತು. ಆ ದೀಪ ಇಟ್ಟದ್ದು ನೀವು.”

ಸುಕುಮಾರ ತೂತಿನ ಕಡೆಗೆ ಒಂದು ಹೆಜ್ಜೆ ಇಟ್ಟ. “ಸಾರ್, ಹೊರಗೆ ಹೋಗಿ ಮಾತಾಡುವ.”

“ಇಲ್ಲೇ ಹೇಳಿ. ನಿಂತುಕೊಂಡರೆ ಸಾಯುವುದಿಲ್ಲ.”

“ಬಂದಿದ್ದೆ. ಮಂಗಳವಾರ ಹನ್ನೊಂದಕ್ಕೆ ಇಬ್ಬರೂ ಬಂದೆವು. ದೀಪ ನಾನೇ ಇಟ್ಟದ್ದು. ಅಜ್ಜ ಯಾವಾಗಲೂ ಹೇಳುತ್ತಿದ್ದ, ದೀಪ ತಲೆಯ ಹತ್ತಿರ ಇರಬೇಕು, ಮೂಗಿಗೆ ಬರುವ ಗಾಳಿ ತಾನೇ ದೀಪಕ್ಕೂ ಬರಬೇಕಾದ್ದು ಅಂತ. ನನಗೆ ಎದೆ ಒತ್ತಿದ ಹಾಗಾಯಿತು, ಹೊರಗೆ ಬಂದೆ. ಅವ ಬರಲಿಲ್ಲ. ಚಿನ್ನದ ಹುಚ್ಚು ಅವನಿಗೆ, ನಿಮಗೆ ಗೊತ್ತುಂಟಲ್ಲ. ಸಂಜೆ ಸತ್ತ ಸುದ್ದಿ ಬಂತು. ಕಂಪೆನಿ ಗುಹೆಗೆ ನುಗ್ಗಿದ್ದು ಅಂತ ನನ್ನ ಮೇಲೂ ಕೇಸು ಬರ್ತದೆ ಅಂತ ಹೆದರಿ ಸುಳ್ಳು ಹೇಳಿದೆ. ಬೇರೆ ಎಂತದೂ ಇಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದಾರೆ ನನಗೆ.”

ಅವನು ಸುಳ್ಳು ಹೇಳುತ್ತಿಲ್ಲ ಎನ್ನಿಸಿತು. ಇಪ್ಪತ್ತೆಂಟು ವರ್ಷ ಸುಳ್ಳು ಕೇಳಿದವನಿಗೆ ಅಷ್ಟಾದರೂ ತಿಳಿಯುತ್ತದೆ. ನನಗೆ ಸಿಟ್ಟಿಗಿಂತ ಹೆಚ್ಚು ನೆಮ್ಮದಿಯೇ ಆಯಿತು. ಇದು ತಿಳಿಯದೆ ಆದ ಸಾವು. ಮಂಜನ ಮೇಲೆ ಕೊಲೆ ಕೇಸು ನಿಲ್ಲುವುದಿಲ್ಲ. ಮೂರೂವರೆಯ ಜೀಪು ಖಾಲಿ ಹೋಗಬಹುದು.

“ಗೂಡು ಕೊರೆದದ್ದೂ ನೀವೇ ಅಂತ ಬರೆದುಕೊಳ್ಳುತ್ತೇನೆ,” ಎಂದೆ.

“ಗೂಡು ನಾನು ಬರುವಾಗಲೇ ಇತ್ತು ಸಾರ್. ದೀಪಕ್ಕೆ ಜಾಗ ಮಾಡಿಸಿಟ್ಟಿದ್ದೇನೆ ಅಂತ ಧನರಾಜ್ ಹೇಳಿದ್ದ. ಮೊಳೆ ತೂಗುವವ ನಾನು, ಕಲ್ಲು ಕೊರೆಯಲಿಕ್ಕೆ ಬರ್ತದಾ ನನಗೆ? ಗುರುತು ನೋಡಿ.”

ಟಾರ್ಚು ತೆಗೆದೆ. ಬ್ಯಾಟರಿ ಇದ್ದದ್ದನ್ನು ಕಂಡು ಸುಕುಮಾರ ಬೇಸರದಿಂದ ತಲೆ ಅಲ್ಲಾಡಿಸಿದ.

ಗುಹೆಯ ಗೋಡೆ ಹಳೆಯ ಕಪ್ಪು. ಗೂಡಿನ ಒಳಗೆ ಮಾತ್ರ ಹೊಸ ಕೆಂಪು. ಆ ಕೆಂಪಿನ ತುಂಬ ಪಿಕಾಸಿಯ ಗುರುತು, ಪ್ರತಿಯೊಂದೂ ಜೋಡಿ ಗೆರೆ.

ಮಂಜನ ಪಿಕಾಸಿ.

ಹಿಮ್ಮಡಿಯ ಹತ್ತಿರ ದೀಪ ಇಡಬೇಕೆಂದು ಮಕ್ಕಳಿಗೂ ಗೊತ್ತುಂಟು ಎಂದವನ ಪಿಕಾಸಿ ತಲೆಯೆತ್ತರಕ್ಕೆ ಗೂಡು ಕೊರೆದಿದೆ. ಸುಕುಮಾರನಿಗೆ ತಿಳಿಯದೆ ಆದದ್ದಿರಬಹುದು. ಕೊರೆದವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಅವನನ್ನು ಬಿಡಿಸಬೇಕೆಂದು ಬಗ್ಗಿ ಬಗ್ಗಿ ಇಷ್ಟು ದೂರ ಬಂದು ನಾನು ಹುಡುಕಿದ್ದು ಇದು. ಸುಮ್ಮನೆ ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಜವಾಗಿಯೂ ಅನ್ನಿಸಿತು.

ಸುಕುಮಾರನನ್ನು ಮುಂದೆ ಬಿಟ್ಟು ಹೊರಗೆ ಹೊರಟೆ. ಅರ್ಧ ದಾರಿಯಲ್ಲಿ ಬಗ್ಗಿದ ನಡುವಿಗೆ ಉಳುಕು ಹಿಡಿದು, ಬಲಗೈಯನ್ನು ಮೇಲೆತ್ತಿ ಮೇಲ್ಮಣ್ಣಿಗೆ ಆನಿಸಿ ಸುಧಾರಿಸಿಕೊಂಡೆ. ಆಗ ಹೊಳೆಯಿತು. ಬಲಗೈ ಮೇಲೆತ್ತಿ.

ಪಿಕಾಸಿಗೆ ಎರಡು ಕೈ ಬೇಕು. ಎದೆಯಿಂದ ಮೇಲೆ ಕೈ ಏಳದ ಮಂಜ ತಲೆಯೆತ್ತರಕ್ಕೆ ಗೂಡು ಕೊರೆಯಲಾರ. ಗೂಡೊಂದೇ ಅಲ್ಲ, ಬಗ್ಗಿ ಅಗೆಯುವವನಿಗೆ ಎದೆಯೆತ್ತರದ ಮೇಲ್ಮಣ್ಣೂ ತಲೆಯ ಮೇಲೆಯೇ ಅಲ್ಲವೇ, ಆ ಭುಜದಲ್ಲಿ ಅರವತ್ತು ಮಾರಿನ ಈ ಸುರಂಗವನ್ನೇ ಅವನು ತೋಡಿರಲಾರ. ಎರಡು ವರ್ಷದಿಂದ ಮಂಜನ ಪಿಕಾಸಿಯನ್ನು ಬೇರೆ ಯಾರೋ ಹಿಡಿಯುತ್ತಿದ್ದಾರೆ. ಹೊರಗೆ ಹೇಳಿದರೆ ಇಡೀ ಊರಿನಲ್ಲಿ ಕೆಲಸ ಸಿಗದಂಥ ಯಾರೋ.

ಬೆಳಗ್ಗೆ ಅವನು ಗೋಡೆಯ ಕಡೆ ತಿರುಗಿ ಕೂತದ್ದು ಯಾಕೆಂದು ಆಗ ತಿಳಿಯಿತು. ತಲೆಯೆತ್ತರದ ದೀಪದ ಮಾತು ಬಂದಾಗಲೇ ಅವನಿಗೆ ಎಲ್ಲ ಗೊತ್ತಾಗಿಹೋಗಿತ್ತು.

ಔಟ್‌ಪೋಸ್ಟು ಮುಟ್ಟುವಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಸುಕುಮಾರನನ್ನು ಜಯಂತ್‌ನ ಜೊತೆ ಜಗಲಿಯಲ್ಲಿ ಕೂರಿಸಿದೆ. ಒಳಗೆ ಬೆಂಚಿನ ಮೇಲೆ ಪ್ರೇಮಾವತಿ ಕೂತಿದ್ದಳು. ಮೂವತ್ತರ ಆಸುಪಾಸು, ಬಿಗಿದ ಮುಖ. ಅಪ್ಪನಿಗೆ ಗಂಜಿ ತಂದ ಬುತ್ತಿ ಖಾಲಿಯಾಗಿ ಅವಳ ಕಾಲಬುಡದಲ್ಲಿತ್ತು. ನನ್ನನ್ನು ಕಂಡು ಎದ್ದು ನಿಂತು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಎರಡು ದಿನದಿಂದ ಹೀಗೇ ನಿಲ್ಲುತ್ತಿದ್ದಾಳೆ. ಮರ್ಯಾದೆಗೆ ಎಂದುಕೊಂಡಿದ್ದೆ.

“ಕೈ ತೋರಿಸು ಮಗಾ,” ಎಂದೆ.

ಸರಳುಗಳ ಹಿಂದೆ ಮಂಜ ಧಡಕ್ಕನೆ ಎದ್ದ. “ಬೇಡ ಸ್ವಾಮಿ. ನಾನು ಹೇಳಿಯಾಯಿತಲ್ಲ. ಅವಳನ್ನು ಮನೆಗೆ ಕಳಿಸಿ.”

“ನೀನು ಸುಮ್ಮನಿರು. ಗೂಡು ಕೊರೆದದ್ದು ನೀನಲ್ಲ, ನಿನ್ನ ಕೈ ಅಲ್ಲಿಗೆ ಏಳುವುದಿಲ್ಲ. ಯಾರು ಅಂತ ಗೊತ್ತಿದ್ದೇ ನೀನು ಕೂತಿದ್ದೀ.”

ಅವನು ಸರಳು ಹಿಡಿದುಕೊಂಡು ಕೆಮ್ಮತೊಡಗಿದ. ಪ್ರೇಮಾವತಿ ಅಪ್ಪನ ಕೆಮ್ಮು ನಿಲ್ಲುವವರೆಗೆ ಕಾದಳು. ಆಮೇಲೆ ಸೆರಗಿನಿಂದ ಕೈಗಳನ್ನು ತೆಗೆದು ನನ್ನ ಎದುರು ಚಾಚಿದಳು. ಬೀಡಿ ಕಟ್ಟುವವರ ಬೆರಳ ತುದಿ ಹೊಗೆಸೊಪ್ಪಿನಿಂದ ಕಪ್ಪಾಗಿರುತ್ತದೆ. ಇವಳ ಬೆರಳುಗಳಲ್ಲಿ ಆ ಕಪ್ಪು ಇರಲಿಲ್ಲ. ಅಂಗೈ ತುಂಬ ದಪ್ಪ ದಡ್ಡು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕೆಂಪು ಮಣ್ಣು. ಅದನ್ನು ನೋಡಿ ನನಗೆ ದುಃಖವಾಯಿತು. ಇಷ್ಟು ದುಡಿದ ಕೈಯನ್ನು ಅಡಗಿಸಿಡುವ ಗತಿ ಬಂತಲ್ಲ ಎಂದು.

“ಅಪ್ಪ ಹೊರಗಿನಿಂದ ಕೂಗಿ ಹೇಳಿದ್ದು, ದೀಪದ ಗೂಡು ಹಿಮ್ಮಡಿಗೆ ಕೊರೆ ಅಂತ,” ಎಂದಳು. ಸ್ವರದಲ್ಲಿ ಅಳು ಇರಲಿಲ್ಲ, ದಣಿವು ಮಾತ್ರ ಇತ್ತು. “ನಾನು ತಲೆಗೆ ಕೊರೆದೆ. ಧನರಾಜಣ್ಣ ಅಲ್ಲೇ ನಿಂತು ನೋಡುತ್ತಿದ್ದರು. ಒಳಗೆ ಅಗೆಯುವವಳು ನಾನು ಅಂತ ಗೊತ್ತಾದಂದಿನಿಂದ ಅವರು ನಾನೊಬ್ಬಳೇ ಇರುವಾಗ ಒಳಗೆ ಬರುತ್ತಿದ್ದರು. ಅವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅಪ್ಪನನ್ನು ಬಿಡಿ ಸಾರ್. ನನ್ನ ಹೆಸರು ಬರೆಯಿರಿ.”

“ಅವಳಿಗೆ ತಲೆ ಸರಿಯಿಲ್ಲ,” ಎಂದ ಮಂಜ. “ಬರೆಯಬೇಡಿ ಸ್ವಾಮಿ. ಬಾಯಿ ತೆಗೆದವ ನಾನು.”

ನಾನು ಮೇಜಿನ ಹತ್ತಿರ ಹೋಗಿ ಕೂತೆ. ರಿಮಾಂಡಿನ ಕಾಗದ ಅಲ್ಲೇ ಇತ್ತು. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಜಯಂತ್ ಬರೆದಿಟ್ಟಿದ್ದ. ತಂದೆಯ ಹೆಸರು ಬರೆದರೆ ಅವನು ಮಳೆಗಾಲ ನೋಡುವುದಿಲ್ಲ. ಮಗಳ ಹೆಸರು ಬರೆದರೂ ಅವನು ಮಳೆಗಾಲ ನೋಡುವುದಿಲ್ಲ.

“ಗೊತ್ತಿದ್ದೂ ಯಾಕೆ ಕೊರೆದೆ?” ಎಂದು ಕೇಳಿದೆ. “ಕಾರಣ ಹೇಳು. ಅದನ್ನಾದರೂ ಬರೆದುಕೊಳ್ಳುತ್ತೇನೆ.”

ಪ್ರೇಮಾವತಿ ಸರಳುಗಳ ಕಡೆ ನೋಡಿದಳು. ಮಂಜನೂ ಅವಳನ್ನೇ ನೋಡುತ್ತಿದ್ದ. ಇದು ಅವನಿಗೂ ಗೊತ್ತಿಲ್ಲದ ಸಂಗತಿ ಎಂದು ಆ ಮುಖ ನೋಡಿದವರಿಗೆ ತಿಳಿಯುತ್ತಿತ್ತು.

“ಹೇಳ್ತೇನೆ ಸಾರ್,” ಎಂದಳು. “ಆದರೆ ಅಪ್ಪ ಕೇಳಿಸಿಕೊಳ್ಳುವ ಹಾಗೆ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.”

ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಜಯಂತ್ ಎದ್ದು ಸೆಲ್ಯೂಟ್ ಹೊಡೆದ. ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ, ಕಾಗದದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇತ್ತು.